ನನ್ನ ಹೆಸರಿನಲ್ಲಿ ಅಕ್ಕನ ಚೀಟಿ

ಮಂಗಳೂರಿನ ಒಂದು ದೊಡ್ಡ ಆಸ್ಪತ್ರೆಯ ಮಾನಸಿಕ ವಿಭಾಗದಲ್ಲಿ ಹತ್ತು ವರ್ಷ ನನ್ನ ಹೆಸರಿನ ಒಂದು ಫೈಲು ಇತ್ತು. ಅಷ್ಟೂ ವರ್ಷ ನಾನು ಆ ವಿಭಾಗದ ಮೆಟ್ಟಿಲು ಹತ್ತಿದವಳಲ್ಲ. ಹತ್ತಿದ್ದು ನನ್ನ ಅಕ್ಕ. ಹೆಸರು ಮಾತ್ರ ನನ್ನದು. ಇದನ್ನು ಹೇಳಿದರೆ ಕೇಳಿದವರು ಮೊದಲು ನಗುತ್ತಾರೆ. ನಗಲಿ. ನನಗಂತೂ ಈ ವಿಷಯದಲ್ಲಿ ನಗು ಬಂದದ್ದೇ ಇಲ್ಲ.

ನಮ್ಮ ಮನೆ ಬಿ.ಸಿ.ರೋಡಿಗೂ ಫರಂಗಿಪೇಟೆಗೂ ನಡುವೆ, ಹೆದ್ದಾರಿಯಿಂದ ಸ್ವಲ್ಪ ಎತ್ತರದಲ್ಲಿತ್ತು. ಅಪ್ಪ ಬಿ.ಸಿ.ರೋಡಿನ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಟೈಮ್ ಕೀಪರ್. ಯಾವ ಬಸ್ಸು ಎರಡು ನಿಮಿಷ ತಡವಾಗಿ ಹೊರಟು ಹಿಂದಿನ ಬಸ್ಸಿನ ಜನರನ್ನು ಹೆಕ್ಕಿಕೊಂಡು ಹೋಯಿತು ಎಂದು ಕಂಡಕ್ಟರುಗಳ ಜೊತೆ ಬೆಳಿಗ್ಗೆಯಿಂದ ಸಂಜೆಯವರೆಗೆ ಜಗಳವಾಡುವುದು ಅವರ ಉದ್ಯೋಗ. ಹಾಗಾಗಿ ಅವರನ್ನು ಗುರುತಿಸದವರು ಆ ದಾರಿಯಲ್ಲಿ ಇರಲಿಲ್ಲ. ಅಮ್ಮ, ಅಕ್ಕ, ನಾನು ಮನೆಯಲ್ಲಿ ಬೀಡಿ ಕಟ್ಟುತ್ತಿದ್ದೆವು. ಬೀಡಿ ಕಂಪನಿ ಕೊಡುವ ಕಾರ್ಡ್ ಇದ್ದದ್ದು ಅಮ್ಮನ ಹೆಸರಿನಲ್ಲಿ ಮಾತ್ರ. ಮೂವರು ಕಟ್ಟಿದ್ದೂ ಬೀಡಿ ತೆಗೆದುಕೊಳ್ಳುವ ಕಂಪನಿಯ ಬ್ರಾಂಚಿನಲ್ಲಿ ಅಮ್ಮ ಒಬ್ಬಳೇ ಕಟ್ಟಿದಳೆಂದು ದಾಖಲಾಗುತ್ತಿತ್ತು. ಆಚೆಮನೆ ಈಚೆಮನೆಯಲ್ಲೂ ಇದೇ ಪದ್ಧತಿ. ಬ್ರಾಂಚಿನವನಿಗೂ ಗೊತ್ತಿತ್ತು, ಅವನು ಕೇಳುತ್ತಿರಲಿಲ್ಲ. ಒಬ್ಬರದು ಇನ್ನೊಬ್ಬರ ಹೆಸರಿನಲ್ಲಿ ಹೋಗುವುದು ನಮ್ಮ ಮನೆಯಲ್ಲಿ ಸುಳ್ಳು ಎಂದು ಯಾರಿಗೂ ಅನಿಸಿದ್ದಿಲ್ಲ.

ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. ಚುರುಕು ಕೈ, ಅದಕ್ಕಿಂತ ಚುರುಕು ನಾಲಿಗೆ. ಅವಳ ಪಾಲಿಗೆ ಮನುಷ್ಯರು ಒಂದೋ ದೇವರು, ಇಲ್ಲವೋ ಶತ್ರು. ನಡುವೆ ಜಾಗವೇ ಇರಲಿಲ್ಲ. ಬ್ರಾಂಚಿಗೆ ಜೊತೆಯಲ್ಲಿ ನಡೆದು ಹೋಗುವ ಗೆಳತಿಯೊಬ್ಬಳಿದ್ದಳು. ಅವಳಿಗಾಗಿ ಅಕ್ಕ ತನ್ನ ಹೊಸ ಸೀರೆ ಕೊಟ್ಟಳು, ಮಲ್ಲಿಗೆಯ ಅರ್ಧ ಭಾಗ ಕೊಟ್ಟಳು, ಅವಳು ಹೇಳಿದ್ದೇ ವೇದವಾಯಿತು. ಒಂದು ದಿನ ಆ ಗೆಳತಿ ಬೇರೆ ಯಾರ ಜೊತೆಯೋ ಮೊದಲೇ ಹೊರಟುಬಿಟ್ಟಳು. ಅಷ್ಟೇ ಆದದ್ದು. ಅಕ್ಕ ಮನೆಗೆ ಬಂದು ಆ ದಿನದ ಬೀಡಿಯನ್ನೆಲ್ಲ ಬಾವಿಗೆ ಹಾಕಿದಳು. ಮೂರು ದಿನ ಊಟ ಮಾಡಲಿಲ್ಲ. ನಾಲ್ಕನೆಯ ದಿನ ತನ್ನ ಕೈಗೆ ತಾನೇ ಗಾಯ ಮಾಡಿಕೊಂಡಳು. ಐದನೆಯ ದಿನ ಏನೂ ನಡೆದೇ ಇಲ್ಲವೆಂಬಂತೆ ನನ್ನ ತಲೆ ಬಾಚಿ ಜಡೆ ಹಾಕಿದಳು.

ಇಂಥದ್ದು ಒಂದಲ್ಲ, ತಿಂಗಳಿಗೆ ಎರಡು ಮೂರು. ಅಮ್ಮ ಅವಳಿಗೆ ಉದ್ದ ತೋಳಿನ ರವಿಕೆ ಹೊಲಿಸಿದಳು. ಊರವರು ತಮಗೆ ಗೊತ್ತಿದ್ದ ಮೂರು ಹೆಸರುಗಳನ್ನು ಹಂಚಿಕೊಂಡರು: ಕೆಲವರಿಗೆ ಅದು ಉಪದ್ರ, ಯಾವುದೋ ಸತ್ತ ಆತ್ಮದ ಕಾಟ, ಕೆಲವರಿಗೆ ಮಂಡೆ ಸಮ ಇಲ್ಲದ್ದು, ಅಂದರೆ ಹುಚ್ಚು, ಉಳಿದವರಿಗೆ ಬರೀ ಕೊಂಗಾಟ, ಮುದ್ದು ಹೆಚ್ಚಾದದ್ದು. ಮೂರಕ್ಕೂ ಮದ್ದು ನಡೆಯಿತು. ಜೋಯಿಸರಲ್ಲಿ ಪ್ರಶ್ನೆ ಇಡಿಸಿದರು, ಸೊಂಟಕ್ಕೆ ನೂಲು ಕಟ್ಟಿಸಿದರು, ಹರಕೆ ಹೇಳಿಕೊಂಡರು, ಮೂರನೆಯದಕ್ಕೆ ಅಪ್ಪ ಬೆತ್ತ ತೆಗೆದರು. ಬೆತ್ತದ ಪೆಟ್ಟು ಬಿದ್ದ ದಿನ ಗಾಯ ಇನ್ನೂ ಆಳವಾಯಿತು, ಬಿ.ಸಿ.ರೋಡಿನ ಡಾಕ್ಟರ ಬಳಿ ಹೊಲಿಗೆ ಹಾಕಿಸಬೇಕಾಯಿತು. ಆ ಡಾಕ್ಟರು ಹೊಲಿಗೆ ಹಾಕಿ, ಇದು ನನ್ನಿಂದಾಗುವ ಕೆಲಸ ಅಲ್ಲ, ಮಂಗಳೂರಿಗೆ ಕರೆದುಕೊಂಡು ಹೋಗಿ, ಪತ್ರ ಕೊಡ್ತೇನೆ ಎಂದರು.

ಪತ್ರದಲ್ಲಿ ಹೆಸರು ಬೇಕಿತ್ತು. ಅಪ್ಪ ಒಂದು ದಿನ ಸಮಯ ಕೇಳಿ ಮನೆಗೆ ಬಂದರು. ಆಗ ಅಕ್ಕನಿಗೆ ಎರಡು ಕಡೆಯಿಂದ ಸಂಬಂಧದ ಮಾತು ಬಂದಿತ್ತು. ನಾನು ಎಂಟನೇ ಕ್ಲಾಸು. ಮಡಿಲಲ್ಲಿ ಬೀಡಿಯ ತಡ್ಪೆ, ಆ ಅಗಲದ ಮೊರ, ಇಟ್ಟುಕೊಂಡು ಎಲೆ ಕತ್ತರಿಸುತ್ತಾ ಅಲ್ಲೇ ಕೂತಿದ್ದೆ.

"ದೊಡ್ಡವಳ ಹೆಸರು ಹಾಕಿದ್ರೆ ನಾಳೆ ನೋಡ್ಲಿಕ್ಕೆ ಯಾರು ಬರ್ತಾರೆ?" ಎಂದರು ಅಪ್ಪ. "ಚಿಕ್ಕವಳದ್ದು ಹಾಕುವ. ಅವಳಿಗೆ ಇನ್ನೂ ಸಮಯ ಉಂಟು."

"ಕಾರ್ಡಿನ ಹಾಗೆ ಅಲ್ವಾ," ಎಂದಳು ಅಮ್ಮ.

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಹೂಂ ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ಆಗ ನನಗೆ ಸ್ವಲ್ಪ ಹೆಮ್ಮೆಯೇ ಆಯಿತು, ಮನೆಗೆ ಉಪಕಾರಕ್ಕೆ ಬಂದೆನಲ್ಲ ಎಂದು. ಬಿ.ಸಿ.ರೋಡಿನ ಡಾಕ್ಟರು ಅಪ್ಪನ ಪರಿಚಯದವರು, ಹೇಳಿದ ಹೆಸರು ಬರೆದುಕೊಟ್ಟರು. ವಯಸ್ಸು ಮಾತ್ರ ಅಕ್ಕನದು.

ಬಿ.ಸಿ.ರೋಡಿನಲ್ಲಿ ಬಸ್ಸು ಹತ್ತಿದರೆ ಕಂಡಕ್ಟರು ಎಲ್ಲಿಗೆ ಎಂದು ಕೇಳುತ್ತಾನೆ. ಆದ್ದರಿಂದ ಅಪ್ಪ, ಅಮ್ಮ, ಅಕ್ಕ ಮೂವರೂ ಫರಂಗಿಪೇಟೆವರೆಗೆ ನಡೆದು ಹೋಗಿ, ಅಪ್ಪನ ಲೆಕ್ಕಕ್ಕೆ ಸೇರದ ಸರಕಾರಿ ಬಸ್ಸು ಹಿಡಿದರು. ಆಸ್ಪತ್ರೆಯ ಸ್ಟಾಪಿಗಿಂತ ಒಂದು ಸ್ಟಾಪು ಮೊದಲೇ ಇಳಿದರು. ಹಾಗೆ ಮೂರು ಸಲ ಹೋದರು. ಒಳಗೆ ಏನಾಯಿತೆಂದು ಅಕ್ಕ ನನಗೆ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ. ಬೈಯದೆ, ಬುದ್ಧಿ ಹೇಳದೆ, ಒಬ್ಬರು ಒಂದು ಗಂಟೆ ಅವಳ ಮಾತು ಕೇಳಿದ್ದು ಅದೇ ಮೊದಲಂತೆ. "ಆದ್ರೆ ಅವರು ಪ್ರತಿ ಸಲ ನಿನ್ನ ಹೆಸರು ಹಿಡಿದು ಕರೀತಿದ್ರು," ಎಂದಳು. "ಸಮಾಧಾನ ಎಲ್ಲ ನಿನಗೇ ಹೇಳ್ತಾ ಇದ್ದಾರೆ ಅಂತ ಅನಿಸ್ತಿತ್ತು. ನನ್ನದು ಅಂತ ಅಲ್ಲಿ ಎಂತ ಉಂಟು?"

ಮೂರನೆಯ ಸಲ ಡಾಕ್ಟರು ಅಪ್ಪ ಅಮ್ಮನನ್ನು ಒಳಗೆ ಕರೆದು, ವಾರಕ್ಕೊಮ್ಮೆ ಬರಬೇಕು, ಬಹಳ ದಿನ ಬರಬೇಕು, ಮನೆಯವರೂ ಬಂದು ಕೂತು ಕಲಿಯಬೇಕಾದದ್ದು ಉಂಟು ಎಂದರು. ಅಪ್ಪ ಮನೆಗೆ ಬಂದು ಅಂಗಿ ಬಿಚ್ಚಿ ಮೊಳೆಗೆ ತೂಗುಹಾಕುತ್ತಾ ಹೇಳಿದರು: "ಮಾತಾಡ್ಲಿಕ್ಕೆ ಮಂಗಳೂರಿಗೆ ಹೋಗ್ಬೇಕಾ? ನಮಗೆ ಮನೆಯಲ್ಲಿ ಬಾಯಿ ಇಲ್ವಾ?" ಅಲ್ಲಿಗೆ ಚಿಕಿತ್ಸೆ ಮುಗಿಯಿತು. ನಮ್ಮ ಮನೆಯಲ್ಲಿ ಬಾಯಿಗಳೇನೋ ಇದ್ದವು. ಕಿವಿ ಯಾರಿಗಿತ್ತು ಎಂದು ನಾನು ಈಗ ಕೇಳುತ್ತೇನೆ, ಉತ್ತರ ಕೊಡಲು ಅಪ್ಪ ಇಲ್ಲ.

ಒಂದೂವರೆ ವರ್ಷದೊಳಗೆ ಅಕ್ಕನ ಮದುವೆಯಾಯಿತು. ಮದುವೆಯಾದರೆ ಸರಿಹೋಗುತ್ತದೆ ಎಂಬುದು ಎಲ್ಲರೂ ಸೇರಿ ಬರೆದುಕೊಟ್ಟ ಮದ್ದು. ಭಾವ ಮೂಡುಬಿದಿರೆಯ ಒಂದು ಜವಳಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಮೃದು ಮನುಷ್ಯ, ಮಾತು ಕಡಿಮೆ. ಆ ಮೌನವೇ ಅಕ್ಕನಿಗೆ ಬೆಂಕಿ. ಅವರು ಅಂಗಡಿಯಿಂದ ಬಂದು ಸುಸ್ತಾಗಿ ಸುಮ್ಮನೆ ಕೂತರೆ, ತನ್ನನ್ನು ಬಿಟ್ಟುಬಿಡುವ ಯೋಚನೆಯಲ್ಲಿದ್ದಾರೆ ಎಂದು ಅವಳಿಗೆ ಖಾತ್ರಿಯಾಗುತ್ತಿತ್ತು. ಬಿಟ್ಟು ಹೋಗುವ ಮೊದಲು ತಾನೇ ಓಡಿಸಬೇಕು ಎಂಬ ಹಾಗೆ ಬೈಯುತ್ತಿದ್ದಳು. ಆಮೇಲೆ ಕಾಲು ಹಿಡಿದು ಅಳುತ್ತಿದ್ದಳು.

ಇದೆಲ್ಲ ನನಗೆ ಸರಿಯಾಗಿ ತಿಳಿದದ್ದು ನಾನು ನಾರಾವಿಯ ಶಾಲೆಗೆ ಟೀಚರಾಗಿ ಸೇರಿ, ಮೂಡುಬಿದಿರೆಯ ಅಕ್ಕನ ಮನೆಯಿಂದ ಓಡಾಡತೊಡಗಿದಾಗ. ಎರಡು ಸಾವಿರದ ಇಸವಿ ದಾಟಿತ್ತು. ಮೊದಲ ತಿಂಗಳು ನಾನು ದೇವರು. ನನಗಾಗಿ ಬೆಳಿಗ್ಗೆ ನೀರುದೋಸೆ, ಸಂಜೆ ಬಂದರೆ ಬಿಸಿನೀರು, ನನ್ನ ಸೀರೆಗೆ ಇಸ್ತ್ರಿ. ಎರಡನೆಯ ತಿಂಗಳು ಒಂದು ಶನಿವಾರ ಶಾಲೆಯಲ್ಲಿ ಮೀಟಿಂಗ್ ಇತ್ತು, ಬರುವಾಗ ಎರಡು ಬಸ್ಸು ತಪ್ಪಿತು. ಬಂದು ನೋಡಿದರೆ ನನ್ನ ಸೂಟ್‌ಕೇಸು ಮೆಟ್ಟಿಲ ಮೇಲೆ. ಪುಸ್ತಕಗಳು ಅಂಗಳದಲ್ಲಿ. ಬಾಗಿಲು ಹಾಕಿತ್ತು.

"ನಿನಗೆ ಊಟಕ್ಕೆ ಮಾತ್ರ ನಾನು ಬೇಕು, ಅಲ್ವಾ?" ಎಂದು ಒಳಗಿನಿಂದಲೇ ಕೇಳಿದಳು. "ಎಲ್ಲಿಗೆ ಹೋಗಿದ್ದಿಯೋ ಅಲ್ಲಿಗೇ ಹೋಗು."

ನಾನು ಮೆಟ್ಟಿಲ ಮೇಲೆ ಕೂತೆ. ಅರ್ಧ ಗಂಟೆಯ ಮೇಲೆ ಬಾಗಿಲು ತೆರೆಯಿತು. ಅವಳು ನನ್ನ ಭುಜ ಹಿಡಿದುಕೊಂಡು, "ನೀನು ಹೋದ್ರೆ ನಾನು ಸಾಯ್ತೇನೆ ಮಾರಾಯ್ತಿ," ಎಂದು ಅತ್ತಳು. ಎರಡೂ ನಿಜವಾಗಿತ್ತು. ಸೂಟ್‌ಕೇಸು ಹೊರಗೆ ಹಾಕಿದ್ದೂ ನಿಜ, ಅತ್ತದ್ದೂ ನಿಜ. ನನಗೆ ಆಗ ಅದು ಗೊತ್ತಿರಲಿಲ್ಲ. ನನಗದು ನಾಟಕವಾಗಿ ಕಂಡಿತು. ನಾನು ಅವಳನ್ನು ದ್ವೇಷಿಸಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ. ಪ್ರತಿದಿನ ಬಸ್ಸಿಳಿದು ಮನೆಯ ದಾರಿ ಹಿಡಿದಾಗ ಇಂದು ನಾನು ಯಾರು, ದೇವರೋ ಶತ್ರುವೋ ಎಂದು ಲೆಕ್ಕ ಹಾಕುತ್ತಿದ್ದೆ.

ಆ ವರ್ಷ ನನಗೊಂದು ಸಂಬಂಧ ಕೂಡಿಬಂತು. ಹುಡುಗ ನೋಡಿ ಹೋದ, ಒಪ್ಪಿದ, ನಾನೂ ಒಪ್ಪಿದ್ದೆ. ನಮ್ಮ ಕಡೆ ಮಾತುಕತೆ ಮುಗಿಯುವ ಮೊದಲು ವಿಚಾರಿಸುವುದು ಎಂಬ ಒಂದು ಹಂತ ಉಂಟು. ಶಾಲೆಯಲ್ಲಿ ವಿಚಾರಿಸುತ್ತಾರೆ, ಅಂಗಡಿಯಲ್ಲಿ ವಿಚಾರಿಸುತ್ತಾರೆ, ಬಸ್ಸಿನ ಕಂಡಕ್ಟರನನ್ನೂ ಬಿಡುವುದಿಲ್ಲ. ಹುಡುಗನ ಚಿಕ್ಕಮ್ಮ ಮಂಗಳೂರಿನಲ್ಲಿ ನರ್ಸು. ಯಾವ ಆಸ್ಪತ್ರೆಯಲ್ಲಿ ಎಂದು ಬೇರೆ ಹೇಳಬೇಕಾಗಿಲ್ಲ. ಹುಡುಗಿಯ ಹೆಸರು, ಅಪ್ಪನ ಹೆಸರು, ಊರು ಎಲ್ಲ ಸರಿ ಇರುವ ಒಂದು ಫೈಲು ಅವರಿಗೆ ಸಿಕ್ಕಿತು. ವಯಸ್ಸಿನ ವ್ಯತ್ಯಾಸವನ್ನು ಅವರು ಬೇರೆ ರೀತಿ ಅರ್ಥ ಮಾಡಿಕೊಂಡರು, ಈಗ ವಯಸ್ಸು ಕಡಿಮೆ ಹೇಳುತ್ತಿದ್ದಾರೆ ಎಂದು. ನಾನು ರಜೆಗೆ ಅಪ್ಪನ ಮನೆಗೆ ಬಂದಿದ್ದಾಗ ಮದುವೆಯ ದಲ್ಲಾಳಿ ಬಂದು ಚಾವಡಿಯಲ್ಲಿ ಚಹಾ ಕೂಡ ಕುಡಿಯದೆ ವಿಷಯ ಹೇಳಿ ಹೋದ.

ನಾನು ಅಪ್ಪನಿಗೆ ಹೇಳಿದೆ: "ಅದು ನಾನಲ್ಲ ಅಂತ ಹೋಗಿ ಹೇಳಿ."

ಅಪ್ಪ ಆಗದು ಎಂದು ತಲೆ ಅಲ್ಲಾಡಿಸಿದರು. "ಹೇಳಿದ್ರೆ ದೊಡ್ಡವಳನ್ನು ಗಂಡನ ಮನೆಯವರು ನಾಳೆಯೇ ತಂದು ಬಿಡ್ತಾರೆ. ನಿನಗೆ ಕೆಲಸ ಉಂಟು. ನೀನು ತಡ್ಕೊಳ್ತಿ."

ತಡೆದುಕೊಳ್ಳುವವರ ಮೇಲೆಯೇ ಹೊರಿಸುವುದು ಎಷ್ಟು ಸುಲಭ. ಅಮ್ಮ ಒಳಗೆ ಬೀಡಿ ಕಟ್ಟುತ್ತಿದ್ದಳು, ಕತ್ತರಿಯ ಶಬ್ದ ನಿಲ್ಲಲೇ ಇಲ್ಲ. ನಾನು ಚಪ್ಪಲಿ ಮೆಟ್ಟಿ ಮೂಡುಬಿದಿರೆ ಬಸ್ಸು ಹತ್ತಿದೆ. ಭಾವ ಅಂಗಡಿಯಿಂದ ಊಟಕ್ಕೆ ಬರುವ ಹೊತ್ತಾಗಿತ್ತು. ಅವರನ್ನು ದಾರಿಯಲ್ಲೇ ತಡೆದು ನಿಲ್ಲಿಸಿ ಎಲ್ಲವನ್ನೂ ಹೇಳಿಬಿಟ್ಟೆ. ಅಕ್ಕನಿಗೆ ಒಳ್ಳೆಯದಾಗಲಿ ಎಂದು ಹೇಳಿದ್ದಲ್ಲ. ನನ್ನ ಸಂಬಂಧ ಮುರಿಯಿತು, ಅವಳದ್ದೂ ಮುರಿಯಲಿ ಎಂಬ ಸಿಟ್ಟಿನಲ್ಲಿ ಹೇಳಿದ್ದು.

ಭಾವ ಬಟ್ಟೆ ಅಳೆಯುವ ಟೇಪನ್ನು ಕುತ್ತಿಗೆಯಿಂದ ತೆಗೆದು ಸುತ್ತಿ ಕಿಸೆಗೆ ಹಾಕಿಕೊಂಡರು. "ಇಷ್ಟು ವರ್ಷ ನನ್ನದೇ ತಪ್ಪು ಅಂತ ತಿಳ್ಕೊಂಡಿದ್ದೆ," ಎಂದರು. ಆಮೇಲೆ ಕೇಳಿದರು, "ಆ ಡಾಕ್ಟರು ಕೊಟ್ಟ ಚೀಟಿ ಎಲ್ಲಿ ಉಂಟು?"

ಅಪ್ಪ ಯಾರಿಗೆ ಹೆದರಿ ಇಷ್ಟೆಲ್ಲ ಮಾಡಿದರೋ ಆ ಮನುಷ್ಯ ಕೇಳಿದ್ದು ಇಷ್ಟೇ. ಮದುವೆಗೆ ಮೊದಲೇ ಹೇಳಿದ್ದರೆ ಅವರು ಬಿಟ್ಟು ಹೋಗುತ್ತಿದ್ದರೋ ಏನೋ, ನನಗೆ ಗೊತ್ತಿಲ್ಲ. ಯಾರೂ ಹೇಳಿ ನೋಡಲಿಲ್ಲ.

ಚೀಟಿ ಮನೆಯಲ್ಲಿರಲಿಲ್ಲ, ಅಪ್ಪ ಒಲೆಗೆ ಹಾಕಿದ್ದರು. ಹಾಗಾಗಿ ಫೈಲು ತೆಗೆಸಲು ನಾನೇ ಹೋಗಬೇಕಾಯಿತು. ರೋಗಿ ಬಂದರೆ ಮಾತ್ರ ಫೈಲು ಕೊಡುವುದು ಎಂದರು. ಕೌಂಟರಿನವನು ನನ್ನ ಮುಖ ನೋಡಿ, "ನೀವೇನಾ?" ಎಂದ. ನಾನು ಹೌದೆಂದೆ. ಶಾಲೆಯ ಗುರುತುಚೀಟಿ ತೋರಿಸಿದೆ. ನನ್ನ ಹೆಸರು ಸರಿಯಾಗಿಯೇ ಇತ್ತಲ್ಲ.

ಹಳೆಯ ಡಾಕ್ಟರು ಅಲ್ಲಿರಲಿಲ್ಲ, ಬೇರೊಬ್ಬರು ಬಂದಿದ್ದರು. ಅವರು ಫೈಲು ಓದಿ, "ಈಗ ಹೇಗಿದ್ದೀರಿ? ಕೈಗೆ ಗಾಯ ಮಾಡಿಕೊಳ್ಳುವುದು ನಿಂತಿದೆಯಾ?" ಎಂದು ಮೆತ್ತಗೆ ಕೇಳಿದರು. ನನಗೆ ಅಳು ಬಂತು. ಅಕ್ಕ ಹೇಳಿದ್ದು ಆಗ ಅರ್ಥವಾಯಿತು, ಇನ್ನೊಬ್ಬರ ಪಾಲಿನ ಸಮಾಧಾನ ನಮ್ಮ ಕೈಗೆ ಬಂದರೆ ಹೇಗಿರುತ್ತದೆ ಎಂದು. ನಾನು ನಿಜ ಹೇಳಿದೆ. ಅವರು ಬೈಯಲಿಲ್ಲ. ಫೈಲಿನಲ್ಲಿದ್ದುದನ್ನು ಓದಿ ಕನ್ನಡದಲ್ಲಿ ವಿವರಿಸಿದರು.

ಇದಕ್ಕೆ ಪರ್ಸನಾಲಿಟಿ ಡಿಸಾರ್ಡರ್ ಎನ್ನುತ್ತಾರೆ, ಅದರಲ್ಲಿ ಹಲವು ಬಗೆ, ನಿಮ್ಮ ಅಕ್ಕನದು ಭಾವನೆಗಳು ತೀರಾ ಬೇಗ ಏರಿ ತೀರಾ ನಿಧಾನ ಇಳಿಯುವ ಬಗೆ ಎಂದರು. ಇದು ಹುಚ್ಚಲ್ಲ, ನಾಟಕವೂ ಅಲ್ಲ. ತಮ್ಮವರು ಬಿಟ್ಟು ಹೋಗುತ್ತಾರೆಂಬ ಹೆದರಿಕೆ, ಬೆಂಕಿ ತಾಗಿದರೆ ನಮಗೆ ನೋಯುವಷ್ಟು ಇವರಿಗೆ ನೋಯುತ್ತದೆ. ಮಾತ್ರೆ ನುಂಗಿಸಿ ಗುಣಪಡಿಸುವಂಥದ್ದಲ್ಲ, ಮಾತ್ರೆಯಿಂದ ಸ್ವಲ್ಪ ಸಹಾಯ ಆಗಬಹುದು ಅಷ್ಟೆ. ಮುಖ್ಯವಾದದ್ದು ವಾರ ವಾರ ಕೂತು ಮಾತಾಡಿ, ಆ ಏರಿಳಿತವನ್ನು ದಾಟುವುದು ಕಲಿಯುವುದು. ಮನೆಯವರು ಹೆದರಿಸದೆ, ಹೆದರದೆ, ಹೇಳಿದ ಮಾತಿಗೆ ನಿಲ್ಲುವುದು ಕಲಿಯಬೇಕು. ಬಹಳ ಜನ ಸುಧಾರಿಸುತ್ತಾರೆ ಎಂದರು. ಕೊನೆಗೆ ಹಳೆಯ ಡಾಕ್ಟರ ಕೊನೆಯ ಸಾಲು ತೋರಿಸಿದರು. ಮನೆಯವರು ಮತ್ತೆ ಬರಲಿಲ್ಲ ಎಂದಷ್ಟೇ ಅದರಲ್ಲಿತ್ತು.

ಹತ್ತು ವರ್ಷ. ಇಷ್ಟೂ ಮಾತು ಒಂದು ಕಪಾಟಿನಲ್ಲಿ ನನ್ನ ಹೆಸರು ಹೊತ್ತು ಬಿದ್ದಿತ್ತು. ಅಷ್ಟು ಕಾಲ ಅಕ್ಕ ಪೆಟ್ಟು ತಿಂದಳು, ನೂಲು ಕಟ್ಟಿಸಿಕೊಂಡಳು, ನಾಟಕದವಳು ಎನ್ನಿಸಿಕೊಂಡಳು. ವಾಪಸ್ ಬರುವ ಬಸ್ಸಿನಲ್ಲಿ ಅಪ್ಪನ ಮೇಲೆ ನನಗೆ ಬಂದ ಸಿಟ್ಟು ಇಂದಿಗೂ ಇಳಿದಿಲ್ಲ. ಹೆಸರಿಗೆ ಹೆದರಿ ಮಗಳನ್ನು ಕೊಂದರು ಎಂದು ಅಮ್ಮನ ಮುಂದೆ ಹೇಳಿದೆ.

ಅಕ್ಕನನ್ನು ಒಪ್ಪಿಸಲು ಹದಿನೈದು ದಿನ ಹಿಡಿಯಿತು. ಅವಳು ಒಂದೇ ಮಾತು ಕೇಳಿದಳು: "ಈ ಸಲ ನನ್ನ ಹೆಸರಿನಲ್ಲಾ?" ಹೌದು ಎಂದೆ. "ನೀನು ಬರ್ತಿಯಾ?" ಬರ್ತೇನೆ, ಪ್ರತಿ ವಾರ ಬರ್ತೇನೆ ಎಂದೆ. ಗುರುವಾರ ಕೌನ್ಸೆಲಿಂಗ್ ಇರುವುದು, ಭಾವನಿಗೆ ರಜೆ ಆದಿತ್ಯವಾರ ಮಾತ್ರ. ನಾನು ಶಾಲೆಗೆ ರಜೆ ಹಾಕಿದೆ. ಆ ದಿನ ಅಕ್ಕ ಬೆಳಿಗ್ಗೆ ಬೇಗ ಎದ್ದು ತಲೆಗೆ ಸ್ನಾನ ಮಾಡಿ, ಗಿಡ್ಡ ತೋಳಿನ ರವಿಕೆ ಹಾಕಿಕೊಂಡಳು. ಕೈಯ ಗೀರುಗಳು ಬಸ್ಸಿನವರಿಗೆಲ್ಲ ಕಾಣುತ್ತಿದ್ದವು.

ಒಂದು ವಿಷಯ ಹೇಳುವುದಕ್ಕುಂಟು. ಆ ಹೊತ್ತಿಗೆ ನನಗೆ ಬೆಳ್ತಂಗಡಿಯಿಂದ ಇನ್ನೊಂದು ಸಂಬಂಧ ಬಂದಿತ್ತು. ಮಾತು ಮುಕ್ಕಾಲು ಮುಗಿದಿತ್ತು.

ಕೌಂಟರಿನಲ್ಲಿ ಫಾರಂ ತುಂಬಿಸುತ್ತಿದ್ದ ನರ್ಸು ತುಳುವಿನಲ್ಲೇ ಮಾತಾಡಿದಳು, ನಗುಮುಖದವಳು. ಅಕ್ಕ ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಹೇಳಿ ಬರೆಸಿದಳು. ನರ್ಸು ನನ್ನ ಕಡೆ ತಿರುಗಿ ಎಲ್ಲಿ ಕೆಲಸ ಎಂದಳು. ನಾರಾವಿ ಎಂದೆ. "ನಾರಾವಿಯಾ? ನಮ್ಮದು ಬೆಳ್ತಂಗಡಿ. ಅಲ್ಲಿ ನನಗೆ ಗೊತ್ತಿಲ್ಲದ ಮನೆಯೇ ಇಲ್ಲ," ಎಂದು ಪೆನ್ನು ಹಿಡಿದು ಕೇಳಿದಳು, "ನೀವು ಇವರಿಗೆ ಎಂತ ಆಗ್ಬೇಕು?"

"ಪಕ್ಕದ ಮನೆಯವಳು," ಎಂದೆ.

ಯೋಚಿಸಿ ಹೇಳಿದ್ದಲ್ಲ. ನನ್ನ ಬಾಯಿ ನನಗಿಂತ ಮೊದಲೇ ಹೇಳಿಬಿಟ್ಟಿತು. ಅಪ್ಪನಿಗೆ ಒಂದು ದಿನದ ಸಮಯ ಬೇಕಾಗಿತ್ತು, ನನಗೆ ಅಷ್ಟೂ ಬೇಕಾಗಲಿಲ್ಲ. ನಾನು ಅಕ್ಕನ ಕಡೆ ನೋಡದೆ ಕಾದೆ, ಈಗ ಕಿರುಚುತ್ತಾಳೆ, ಫಾರಂ ಹರಿಯುತ್ತಾಳೆ, ಇಡೀ ಆಸ್ಪತ್ರೆ ತಿರುಗಿ ನೋಡುತ್ತದೆ ಎಂದು. ಏನೂ ಆಗಲಿಲ್ಲ. ಒಳಗಿನಿಂದ ಕರೆದರು. "ಮನೆಯವರು ಬಂದಿಲ್ವಾ?" ಎಂದು ಕೌನ್ಸೆಲರ್ ಕೇಳಿದ್ದು ಬಾಗಿಲಲ್ಲಿ ಕೇಳಿಸಿತು. "ಇಲ್ಲ," ಎಂದಳು ಅಕ್ಕ, ಶಾಂತವಾಗಿ. ಅವಳು ಒಬ್ಬಳೇ ಒಳಗೆ ಹೋದಳು. ಮರುದಿನ ನನ್ನ ಸಾಮಾನನ್ನು ಅವಳು ಹೊರಗೆ ಹಾಕಲಿಲ್ಲ. ಮುಂದಿನ ಗುರುವಾರ, ನೀನು ಬರುವುದು ಬೇಡ, ದಾರಿ ಗೊತ್ತಾಗಿದೆ ಎಂದಳು. ನನಗೆ ಹಾಯೆನಿಸಿತು. ಅದನ್ನೂ ಮುಚ್ಚಿಡುವುದಿಲ್ಲ.

ಬೆಳ್ತಂಗಡಿಯಲ್ಲಿ ನನ್ನ ಮದುವೆಯಾಯಿತು. ಮೂಡುಬಿದಿರೆಗೆ ಹೋಗುವುದು ಅಪರೂಪವಾಯಿತು. ನಾಲ್ಕು ವರ್ಷದ ಮೇಲೆ ಒಂದು ಸಲ ಹೋದಾಗ ನೋಡಿದೆ, ಅಕ್ಕ ಬೇರೆಯೇ ಆಗಿದ್ದಳು. ಸಿಟ್ಟು ಇತ್ತು, ಇಲ್ಲ ಎನ್ನುವುದಿಲ್ಲ. ಆದರೆ ನನ್ನ ಏನೋ ಒಂದು ಮಾತಿಗೆ ಮುಖ ಕೆಂಪಾಗುತ್ತಿದ್ದಂತೆ, "ಸ್ವಲ್ಪ ಇರು, ನನಗೆ ಏರ್ತಾ ಉಂಟು, ಹಿತ್ತಿಲಿಗೆ ಹೋಗಿ ಬರ್ತೇನೆ," ಎಂದು ಎದ್ದು ಹೋದಳು. ಹತ್ತು ನಿಮಿಷದಲ್ಲಿ ಬಂದು, ಬಿಟ್ಟಲ್ಲಿಂದ ಮಾತು ಮುಂದುವರಿಸಿದಳು. ಕೈಯಲ್ಲಿ ಹೊಸ ಗೀರುಗಳು ಇರಲಿಲ್ಲ. ಆಸ್ಪತ್ರೆಗೆ ಆಗಲೂ ತಪ್ಪದೆ ಹೋಗುತ್ತಿದ್ದಳಂತೆ, ವಾರ ವಾರದ ಬದಲು ತಿಂಗಳಿಗೆರಡು ಗುರುವಾರ.

ಅವತ್ತೂ ಗುರುವಾರ. ಹೊರಡುವ ಹೊತ್ತಿಗೆ ಬುರ್ಖಾ ಹಾಕಿದ ಹೆಂಗಸೊಬ್ಬಳು ಅಂಗಳಕ್ಕೆ ಬಂದು, "ಅಕ್ಕಾ, ಹೋಗುವನಾ?" ಎಂದಳು. ಹಿಂದಿನ ಮನೆಗೆ ಬಾಡಿಗೆಗೆ ಬಂದವಳು, ಗಂಡ ದುಬಾಯಿಯಲ್ಲಿ ಎಂದು ಅಕ್ಕ ಹೇಳಿದಳು. ಅವಳು ನನ್ನನ್ನು ನೋಡಿ ಯಾರೆಂದು ಕೇಳಿದಳು.

"ನನ್ನ ತಂಗಿ," ಎಂದಳು ಅಕ್ಕ, ಒಂದು ಕ್ಷಣವೂ ತಡೆಯದೆ.

ಆ ಹೆಂಗಸಿಗೆ ಸಂತೋಷವಾಯಿತು. "ಹೌದಾ? ಹಾಗಾದ್ರೆ ಇವತ್ತು ನೀವೂ ಬನ್ನಿ. ಮನೆಯವರು ಬರ್ಬೇಕು ಅಂತ ಆಸ್ಪತ್ರೆಯವರು ಯಾವಾಗ್ಲೂ ಹೇಳ್ತಾರೆ. ಬೇರೆ ಯಾರೂ ಇಲ್ಲ ಅಂತ ಅಲ್ಲಿ ನನ್ನನ್ನೇ ತಂಗಿ ಅಂತ ಬರೆಸಿದ್ದು."

ಅಕ್ಕ ಚಪ್ಪಲಿ ಮೆಟ್ಟುತ್ತಾ, ತಲೆ ಎತ್ತದೆ ಹೇಳಿದಳು, "ಬೇಡ, ಅವಳಿಗೆ ನಾಳೆ ಬೆಳಿಗ್ಗೆ ಶಾಲೆ ಉಂಟು."

ಏಪ್ರಿಲ್ ಕೊನೆಯ ವಾರ. ಶಾಲೆಗೆ ಬೇಸಿಗೆ ರಜೆ ಎಂದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು. ನಾನು ಹೌದೆಂದು ತಲೆಯಾಡಿಸಿದೆ.